ಗಲ್ಲೆ, ಗಿರಾಕಿ ಮತ್ತು ಮೊಬೈಲು: ವಾಶಿಯ ನಮ್ಮ ಹೊಟೇಲುಗಳ ಮುಂದಿನ ದಾರಿ

ಇತ್ತೀಚೆಗೆ ನಮ್ಮ ಸದಸ್ಯ ಬಾಂಧವರು ನಾಲ್ಕು ಮಂದಿ ಸೇರಿದಲ್ಲೆಲ್ಲ ಒಂದೇ ಮಾತು ಕೇಳಿಬರುತ್ತದೆ. "ವ್ಯಾಪಾರವೇನೋ ಇದೆ, ಆದರೆ ಕೈಯಲ್ಲಿ ಉಳಿಯುವುದಿಲ್ಲ." ಮೇಜುಗಳು ತುಂಬಿರುತ್ತವೆ, ಪಾರ್ಸೆಲ್ ಕೌಂಟರಿನ ಮುಂದೆ ಬಣ್ಣಬಣ್ಣದ ಟೀಶರ್ಟು ತೊಟ್ಟ ಹುಡುಗರು ಸಾಲುಗಟ್ಟಿರುತ್ತಾರೆ, ಮೊಬೈಲು ಟಿಂಗ್ ಎನ್ನುತ್ತಲೇ ಇರುತ್ತದೆ. ಆದರೂ ತಿಂಗಳ ಕೊನೆಗೆ ಬಾಡಿಗೆ, ಸಂಬಳ, ಲೈಟ್ ಬಿಲ್ಲು ಕಟ್ಟಿದ ಮೇಲೆ ಮಾಲಕನ ಮುಖ ಸಪ್ಪಗಾಗುತ್ತದೆ. ಇದಕ್ಕೆ ಕೆಲವರು ತಂತ್ರಜ್ಞಾನವನ್ನು ದೂರುತ್ತಾರೆ. ಇನ್ನು ಕೆಲವರು ಕಾಲ ಬದಲಾಯಿತು, ಜನರ ಅಭಿರುಚಿ ಬದಲಾಯಿತು ಎಂದು ಸಂಸ್ಕೃತಿಯನ್ನು ದೂರುತ್ತಾರೆ.

ನಿಜ ಹೇಳಬೇಕೆಂದರೆ ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲಾಗದು. ಚಿಲ್ಲರೆ ವ್ಯಾಪಾರವೆಂದರೆ ಬಟ್ಟೆ ಅಂಗಡಿ, ಕಿರಾಣಿ ಅಂಗಡಿ ಮಾತ್ರವಲ್ಲ. ಒಂದು ಪ್ಲೇಟು ಇಡ್ಲಿ, ಅರ್ಧ ಕಪ್ಪು ಚಹಾ ಮಾರುವ ನಾವೂ ಚಿಲ್ಲರೆ ವ್ಯಾಪಾರಿಗಳೇ. ಜನ ಹೇಗೆ ಕೊಳ್ಳುತ್ತಾರೆ, ಯಾರನ್ನು ನಂಬುತ್ತಾರೆ, ಹಣ ಹೇಗೆ ಕೊಡುತ್ತಾರೆ ಎಂಬುದು ಬದಲಾದಾಗ ಅದರ ಪೆಟ್ಟೂ ಲಾಭವೂ ಮೊದಲು ತಟ್ಟುವುದು ನಮ್ಮ ಗಲ್ಲೆಗೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ವಾಶಿ ಬೆಳೆದ ಬಗೆ

ಸಿಡ್ಕೋ ಸಂಸ್ಥೆ ಸ್ಥಾಪನೆಯಾದದ್ದು 1970ರ ಮಾರ್ಚ್‌ನಲ್ಲಿ. ಅದು ಮೊದಲು ಕಟ್ಟಿದ ಊರು ವಾಶಿ. 1973ರಲ್ಲಿ ಥಾಣೆ ಖಾರಿಯ ಮೇಲೆ ಸೇತುವೆಯಾಯಿತು. ಸಗಟು ಮಾರುಕಟ್ಟೆಗಳು 1980ರ ದಶಕದಿಂದ ಒಂದೊಂದಾಗಿ ಮುಂಬಯಿಯಿಂದ ಈ ಕಡೆ ಬರತೊಡಗಿ, 1996ರಲ್ಲಿ ಹಣ್ಣು-ತರಕಾರಿ ಮಾರುಕಟ್ಟೆಯೂ ಬಂದಿತು. 1992ರಲ್ಲಿ ಲೋಕಲ್ ರೈಲು ಮಾನ್‌ಖುರ್ದ್‌ನಿಂದ ವಾಶಿಗೆ ತಲಪಿತು. ಅದೇ ವರ್ಷ ನವಿಮುಂಬಯಿ ಮಹಾನಗರ ಪಾಲಿಕೆಯೂ ಅಸ್ತಿತ್ವಕ್ಕೆ ಬಂದಿತು.

ಈ ಒಂದೊಂದು ಘಟನೆಯೂ ಒಂದೊಂದು ಬಗೆಯ ಗಿರಾಕಿಯನ್ನು ನಮ್ಮ ಬಾಗಿಲಿಗೆ ತಂದಿತು. ಮಾರುಕಟ್ಟೆ ಬಂದಾಗ ಮಾಥಾಡಿ ಕಾರ್ಮಿಕರು, ಟ್ರಕ್ಕಿನ ಚಾಲಕರು, ಗುಜರಾತಿ-ಕಚ್ಛಿ ವ್ಯಾಪಾರಸ್ಥರು ಬಂದರು. ಅವರಿಗೆ ನಸುಕಿನಲ್ಲೇ ಬಿಸಿ ಚಹಾ ಬೇಕು, ಹೊಟ್ಟೆ ತುಂಬುವ ತಿಂಡಿ ಬೇಕು. ರೈಲು ಬಂದಾಗ ಕಚೇರಿಯ ನೌಕರರು ಬಂದರು. ನಿಲ್ದಾಣದ ಮೇಲೆಯೇ ಇನ್ಫೋಟೆಕ್ ಪಾರ್ಕ್ ತಲೆಯೆತ್ತಿತು. ಮಾಲ್‌ಗಳು ಬಂದಾಗ ಹವಾನಿಯಂತ್ರಿತ ಫುಡ್ ಕೋರ್ಟಿನಲ್ಲಿ ಕೂತು ತಿನ್ನುವ ಅಭ್ಯಾಸ ಬೆಳೆಯಿತು. ಇನಾರ್ಬಿಟ್ ಮಾಲ್ ವಾಶಿಯಲ್ಲಿ ಬಾಗಿಲು ತೆರೆದದ್ದು 2008ರಲ್ಲಿ. ಆಗ ಉಡುಪಿ ಹೊಟೇಲುಗಳ ಕಾಲ ಮುಗಿಯಿತೆಂದು ಭವಿಷ್ಯ ನುಡಿದವರು ಕಡಿಮೆಯಿರಲಿಲ್ಲ. ಆದರೆ ಮಾಲ್‌ನಲ್ಲಿ ಸುತ್ತಾಡಿ ಬಂದವನೂ ಮರುದಿನ ಬೆಳಿಗ್ಗೆ ಸೆಕ್ಟರಿನ ಹೊಟೇಲಿಗೇ ಇಡ್ಲಿ-ವಡೆಗೆ ಬಂದ. ಮಾಲ್ ನಮ್ಮಿಂದ ಕಸಿದುಕೊಂಡದ್ದು ವಾರಾಂತ್ಯದ ಕೆಲವು ಸಂಜೆಗಳನ್ನಷ್ಟೆ. ದಿನನಿತ್ಯದ ಗಿರಾಕಿ ನಮ್ಮ ಪಾಲಿಗೇ ಉಳಿದ.

ಈಗಿನ ಬದಲಾವಣೆ ಅದಕ್ಕಿಂತ ಭಿನ್ನವಾದುದು. ಮಾಲ್‌ಗೆ ಗಿರಾಕಿ ಹೋಗಬೇಕಿತ್ತು. ಮೊಬೈಲು ಗಿರಾಕಿಯ ಕೈಯಲ್ಲೇ ಇದೆ.

ತಂತ್ರಜ್ಞಾನ ನಮಗೆ ಹೊಸದಲ್ಲ

ಹೊಟೇಲಿನವರು ಹಳೆಯ ಕಾಲದವರು, ತಂತ್ರಜ್ಞಾನಕ್ಕೆ ಹೆದರುವವರು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ರುಬ್ಬುವ ಕಲ್ಲಿನ ಮುಂದೆ ರಾತ್ರಿಯಿಡೀ ಕೂತು ಹಿಟ್ಟು ರುಬ್ಬುತ್ತಿದ್ದ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ವಿದ್ಯುತ್ ಗ್ರೈಂಡರ್ ಕೊಯಂಬತ್ತೂರಿನಲ್ಲಿ ತಯಾರಾಗತೊಡಗಿದ್ದು 1950ರ ದಶಕದಲ್ಲಿ. ಅದು ಬಾರದೇ ಇದ್ದಿದ್ದರೆ ದಿನಕ್ಕೆ ಸಾವಿರ ದೋಸೆ ಹುಯ್ಯುವ ಹೊಟೇಲು ಹುಟ್ಟುತ್ತಲೇ ಇರಲಿಲ್ಲ. ಸ್ಟೀಮ್ ಬಾಯ್ಲರ್, ಡೀಪ್ ಫ್ರೀಜರ್, ಬಿಲ್ಲಿಂಗ್ ಮೆಷಿನ್ ಎಲ್ಲವನ್ನೂ ನಾವು ಬರಮಾಡಿಕೊಂಡಿದ್ದೇವೆ.

ಮಾರುವ ಕ್ರಮದಲ್ಲೂ ಹಾಗೆಯೇ. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಊರು ಬಿಟ್ಟು ಬಂದವರಿಗೆ ಮನೆಯೂಟದ ನೆಲೆಯಾಯಿತು. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದು, ಕೂಪನ್ ಕೊಂಡು ನಿಂತು ತಿನ್ನುವ ಪದ್ಧತಿಯನ್ನು ತಂದರು. ಅಲ್ಲಿ ಯಂತ್ರಕ್ಕಿಂತ ಕ್ರಮವೇ ಹೊಸದು: ಕಡಿಮೆ ಜಾಗ, ಕಡಿಮೆ ಕೆಲಸಗಾರರು, ಕಣ್ಣೆದುರೇ ಅಡುಗೆ, ಅಗ್ಗದ ದರ. ತಿಂಡಿ ಮಾತ್ರ ಅದೇ ಹಳೆಯ ಇಡ್ಲಿ, ವಡೆ, ಖಾರಾಬಾತು. ಹಳೆಯ ರುಚಿಯನ್ನು ಹೊಸ ಕ್ರಮದಲ್ಲಿ ಕೊಟ್ಟದ್ದರಿಂದಲೇ ಅದು ಬೆಂಗಳೂರಿನ ಗಲ್ಲಿಗಲ್ಲಿಗೂ ಹಬ್ಬಿತು. ಇದನ್ನು ನಮ್ಮ ಸದಸ್ಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕ್ರಮ ಬದಲಾದರೆ ತೊಂದರೆಯಿಲ್ಲ, ರುಚಿ ಮತ್ತು ನಂಬಿಕೆ ಬದಲಾಗಬಾರದು.

ಗಲ್ಲೆಯಿಂದ ಮೊಬೈಲಿಗೆ

ಯುಪಿಐ ವ್ಯವಸ್ಥೆ ಬಂದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರಂದು ನೋಟು ರದ್ದಾದಾಗ ಚಿಲ್ಲರೆಯಿಲ್ಲದೆ ನಾವೆಲ್ಲ ಪಟ್ಟ ಪಾಡು ಮರೆಯುವಂತಹದ್ದಲ್ಲ. ಆ ಬಳಿಕ ಕೋವಿಡ್ ಕಾಲದಲ್ಲಿ ನೋಟು ಮುಟ್ಟಲು ಜನ ಹೆದರಿದಾಗ ಕ್ಯೂಆರ್ ಕೋಡು ಪ್ರತಿ ಗಲ್ಲೆಯ ಮೇಲೂ ಬಂದು ಕುಳಿತಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಮಿಕ್ಕಿ ಯುಪಿಐ ಪಾವತಿಗಳು ನಡೆದವು. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಇಂತಹ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯಬಾರದೆಂದು 2020ರ ಜನವರಿಯಿಂದ ನಿಯಮವಾದದ್ದು ನಮ್ಮಂತಹ ಸಣ್ಣ ಬಿಲ್ಲಿನ ವ್ಯಾಪಾರಕ್ಕೆ ದೊಡ್ಡ ಉಪಕಾರವೇ ಸರಿ. ಇಪ್ಪತ್ತು ರೂಪಾಯಿಯ ಚಹಾಕ್ಕೆ ಕಾರ್ಡು ಉಜ್ಜಲು ಆಗುತ್ತಿತ್ತೆ?

ಲಾಭದ ಜೊತೆಗೆ ನಾಲ್ಕು ಎಚ್ಚರಿಕೆಗಳೂ ಇವೆ.

ಮೊದಲನೆಯದು, ಮೋಸ. ಹಳೆಯ ಪಾವತಿಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರಿದ್ದಾರೆ. ನಮ್ಮ ಕ್ಯೂಆರ್ ಮೇಲೆ ತಮ್ಮದನ್ನು ಅಂಟಿಸುವವರೂ ಇದ್ದಾರೆ. ಗಲ್ಲೆಯಲ್ಲಿ ಕೂರುವವರು ಸೌಂಡ್ ಬಾಕ್ಸಿನ ದನಿಯನ್ನು ಕೇಳಿದ ಮೇಲೆಯೇ ಬಿಲ್ಲು ಮುಗಿಸಬೇಕು. ಬಾಗಿಲು ತೆರೆಯುವ ಹೊತ್ತಿಗೆ ದಿನಾಲೂ ಒಂದು ರೂಪಾಯಿ ಕಳುಹಿಸಿ ಹಣ ನಮ್ಮ ಖಾತೆಗೇ ಬೀಳುತ್ತದೋ ಎಂದು ನೋಡುವುದು ಒಳ್ಳೆಯ ರೂಢಿ.

ಎರಡನೆಯದು, ಒಂದೇ ಕಂಪೆನಿಯನ್ನು ನೆಚ್ಚಿ ಕೂರುವುದು. ರಿಸರ್ವ್ ಬ್ಯಾಂಕ್ 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಆ ಬ್ಯಾಂಕಿನಲ್ಲೇ ಹಣ ಜಮೆಯಾಗುತ್ತಿದ್ದ ವ್ಯಾಪಾರಿಗಳು ಮಾರ್ಚ್ 15ರೊಳಗೆ ಬೇರೆ ಬ್ಯಾಂಕಿಗೆ ಓಡಬೇಕಾಯಿತು. ಎರಡು ಬ್ಯಾಂಕುಗಳ ಎರಡು ಕ್ಯೂಆರ್ ಇಟ್ಟುಕೊಳ್ಳುವುದು ಕ್ಷೇಮ.

ಮೂರನೆಯದು, ತೆರಿಗೆ. ಯುಪಿಐಯ ಪ್ರತಿ ರೂಪಾಯಿಗೂ ಗುರುತು ಉಳಿಯುತ್ತದೆ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಅಂಕಿಅಂಶಗಳ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡುಗಳು ಬಿದ್ದವು. ಹಾಗೆ ಬೋರ್ಡು ಹಾಕಿ ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ಲೆಕ್ಕವನ್ನು ನೇರವಾಗಿಡುವುದೇ ಲೇಸು. ಮನೆಯ ಖಾತೆ ಮತ್ತು ಹೊಟೇಲಿನ ಖಾತೆ ಬೇರೆ ಬೇರೆ ಇರಲಿ. ಊರಿನಿಂದ ತಮ್ಮ ಕಳುಹಿಸಿದ ಹಣವೂ ಹೊಟೇಲಿನ ಖಾತೆಗೇ ಬಿದ್ದರೆ, ಅದು ವ್ಯಾಪಾರವಲ್ಲ ಎಂದು ತೋರಿಸಿಕೊಡುವ ಹೊರೆ ನಮ್ಮ ಮೇಲೆಯೇ ಬೀಳುತ್ತದೆ.

ನಾಲ್ಕನೆಯದನ್ನು ಹೆಚ್ಚಿನವರು ಗಮನಿಸಿಲ್ಲ. ಹಿಂದೆ ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಹತ್ತಿಪ್ಪತ್ತು ರೂಪಾಯಿ ವೇಟರಿಗೆಂದು ಉಳಿಯುತ್ತಿತ್ತು. ಈಗ ಗಿರಾಕಿ ಪೈಸೆಗೆ ಪೈಸೆ ಮೊಬೈಲಿನಲ್ಲಿ ಕೊಟ್ಟು ಎದ್ದು ಹೋಗುತ್ತಾನೆ. ಭಕ್ಷೀಸು ಕಳೆದುಕೊಂಡ ಹುಡುಗ ಸಂಬಳ ಹೆಚ್ಚು ಕೇಳುತ್ತಾನೆ, ಇಲ್ಲವೇ ಬಿಟ್ಟು ಹೋಗುತ್ತಾನೆ. ಕೆಲವು ಕಡೆ ಗಲ್ಲೆಯ ಬಳಿ ಕೆಲಸಗಾರರ ಹೆಸರಿನಲ್ಲಿ ಒಂದು ಪೆಟ್ಟಿಗೆಯನ್ನೋ ಪ್ರತ್ಯೇಕ ಕ್ಯೂಆರನ್ನೋ ಇಟ್ಟು, ವಾರಕ್ಕೊಮ್ಮೆ ವೇಟರ್, ಭಟ್ಟರು, ಪಾತ್ರೆ ತೊಳೆಯುವವರು ಎಲ್ಲರಿಗೂ ಹಂಚುವ ಕ್ರಮವಿದೆ. ಗಿರಾಕಿಯನ್ನು ಒತ್ತಾಯಿಸದೆ ಮಾಡಿದರೆ ಇದು ಅನುಕರಣೀಯ.

ಆ್ಯಪ್‌ನ ಲೆಕ್ಕ

ಝೊಮ್ಯಾಟೊ 2008ರಲ್ಲಿ ಹೊಟೇಲುಗಳ ಮೆನು ತೋರಿಸುವ ತಾಣವಾಗಿ ಬೇರೆ ಹೆಸರಿನಲ್ಲಿ ಶುರುವಾಯಿತು. ಸ್ವಿಗ್ಗಿ 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. 2020ರ ಮಾರ್ಚ್‌ನಿಂದ ಅಕ್ಟೋಬರ್ 5ರವರೆಗೆ ಮಹಾರಾಷ್ಟ್ರದಲ್ಲಿ ಹೊಟೇಲಿನಲ್ಲಿ ಕೂತು ತಿನ್ನುವುದು ನಿಂತಿದ್ದಾಗ, ಪಾರ್ಸೆಲ್ ವ್ಯಾಪಾರದಿಂದಲೇ ಅನೇಕರ ಅಡುಗೆಮನೆಯ ಒಲೆ ಉರಿಯಿತು. ಆ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಋಣ ಬೇರೆ, ಲೆಕ್ಕ ಬೇರೆ.

ಒಂದು ಉದಾಹರಣೆ ನೋಡೋಣ. ಅಂಕಿಗಳು ವಿವರಣೆಗಾಗಿ ಮಾತ್ರ. ನಿಮ್ಮ ಕರಾರಿನಲ್ಲಿರುವ ದರಗಳನ್ನು ಹಾಕಿ ನೀವೇ ಲೆಕ್ಕ ಮಾಡಿ.

ಗಿರಾಕಿಯ ಆರ್ಡರು 300 ರೂ. ಆ್ಯಪ್ ಕೊಟ್ಟ ರಿಯಾಯಿತಿಯಲ್ಲಿ ನಮ್ಮ ಪಾಲು 40 ರೂ. ಎಂದಿಟ್ಟುಕೊಂಡರೆ ಉಳಿದದ್ದು 260. ಅದರ ಮೇಲೆ ಶೇ. 25 ಕಮಿಷನ್, ಅಂದರೆ 65 ರೂ. ಆ ಕಮಿಷನ್ನಿನ ಮೇಲೆ ಶೇ. 18 ಜಿಎಸ್‌ಟಿ 11 ರೂ. 70 ಪೈಸೆ. ಡಬ್ಬಿ, ಚೀಲ, ಚಮಚ 15 ರೂ. ಕೈಗೆ ಬಂದದ್ದು 168 ರೂ. 30 ಪೈಸೆ. ದಿನಸಿ, ತರಕಾರಿ, ಗ್ಯಾಸು 105 ರೂ. ಕಳೆದರೆ ಉಳಿಯುವುದು 63 ರೂ. 30 ಪೈಸೆ. ಇದರಲ್ಲೇ ಬಾಡಿಗೆ, ಸಂಬಳ, ಲೈಟ್ ಬಿಲ್ಲು ಹುಟ್ಟಬೇಕು.

ಅದೇ ಗಿರಾಕಿ ಫೋನು ಮಾಡಿ ಬಂದು ಪಾರ್ಸೆಲ್ ಒಯ್ದರೆ ಉಳಿಯುವುದು 180 ರೂ. ಅಂದರೆ ಆ್ಯಪ್‌ನ ಸುಮಾರು ಮೂರು ಆರ್ಡರು ನಮ್ಮದೇ ಒಂದು ಆರ್ಡರಿಗೆ ಸಮ.

ಇಲ್ಲಿ ಒಂದು ಸೂಕ್ಷ್ಮವಿದೆ. 2017ರ ನವೆಂಬರ್ 15ರಿಂದ ಸಾಮಾನ್ಯ ಹೊಟೇಲುಗಳಿಗೆ ಶೇ. 5 ಜಿಎಸ್‌ಟಿ ದರ ಬಂದಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತೆಗೆದುಹಾಕಲಾಯಿತು. ಹೀಗಾಗಿ ಕಮಿಷನ್ನಿನ ಮೇಲೆ ನಾವು ಕೊಡುವ ಶೇ. 18 ತೆರಿಗೆ ಮರಳಿ ಸಿಗುವುದಿಲ್ಲ, ಅದು ನೇರವಾಗಿ ಖರ್ಚು. ಇನ್ನೊಂದು ಅಂಶ: 2022ರ ಜನವರಿ 1ರಿಂದ ಆ್ಯಪ್ ಮೂಲಕ ಮಾರಿದ ತಿಂಡಿಯ ಮೇಲಿನ ಶೇ. 5 ತೆರಿಗೆಯನ್ನು ಆ್ಯಪ್ ಕಂಪೆನಿಯೇ ಸರಕಾರಕ್ಕೆ ಕಟ್ಟುತ್ತದೆ. ಆದರೆ ಆ ವ್ಯಾಪಾರ ನಮ್ಮ ಒಟ್ಟು ವಹಿವಾಟಿನಲ್ಲಿ ಸೇರಿಯೇ ಇರುತ್ತದೆ, ರಿಟರ್ನ್‌ನಲ್ಲಿ ಬೇರೆಯಾಗಿ ತೋರಿಸಬೇಕಾಗುತ್ತದೆ. ನಿಮ್ಮ ಲೆಕ್ಕಪರಿಶೋಧಕರೊಡನೆ ಇದನ್ನು ಒಮ್ಮೆ ಖಚಿತಪಡಿಸಿಕೊಳ್ಳಿ.

ಹಾಗಾದರೆ ಆ್ಯಪ್ ಬಿಟ್ಟುಬಿಡಬೇಕೆ? ಬೇಡ. ಮಧ್ಯಾಹ್ನ ಮೂರರಿಂದ ಆರರವರೆಗೆ ಭಟ್ಟರು ಸುಮ್ಮನಿರುತ್ತಾರೆ, ಮೇಜು ಖಾಲಿಯಿರುತ್ತದೆ, ಆದರೂ ಬಾಡಿಗೆ-ಸಂಬಳ ಓಡುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಬರುವ 63 ರೂ. ಕೂಡ ಲಾಭವೇ. ಆದರೆ ರಾತ್ರಿ ಎಂಟೂವರೆಗೆ ಬಾಗಿಲಲ್ಲಿ ಜನ ಕಾಯುತ್ತಿರುವಾಗ, ಕೂತ ಗಿರಾಕಿಯ ದೋಸೆಯನ್ನು ತಡಮಾಡಿ ಆ್ಯಪ್‌ನ ಆರ್ಡರು ಕಟ್ಟಿದರೆ ಅದು ನಷ್ಟವೇ. ಕೂತವನು ಮತ್ತೆ ಬಾರದಿದ್ದರೆ ನಷ್ಟ ಇಮ್ಮಡಿ. ತುಂಬಿದ ಹೊತ್ತಿನಲ್ಲಿ ಆ್ಯಪ್‌ನಲ್ಲಿ ಕೆಲವೇ ಐಟಂ ಇಡುವುದು, ತಯಾರಿಯ ಸಮಯ ಹೆಚ್ಚು ತೋರಿಸುವುದು ನಮ್ಮ ಕೈಯಲ್ಲಿದೆ.

ಗಿರಾಕಿ ಯಾರವನು?

ಕಮಿಷನ್ನಿಗಿಂತ ದೊಡ್ಡ ಪ್ರಶ್ನೆ ಇದು. ನಮ್ಮ ತಂದೆಯವರ ಕಾಲದಲ್ಲಿ ಗಲ್ಲೆಯಲ್ಲಿ ಕೂತವರಿಗೆ ಗಿರಾಕಿಯ ಮುಖ ನೋಡಿದರೆ ಸಾಕಿತ್ತು. ಇವರಿಗೆ ಚಹಾಕ್ಕೆ ಸಕ್ಕರೆ ಬೇಡ, ಅವರದು ಜೈನ ಸಾಂಬಾರು, ಮತ್ತೊಬ್ಬರಿಗೆ ಗುರುವಾರ ಉಪವಾಸ ಎಂದು ಮಾಣಿಗೂ ಗೊತ್ತಿತ್ತು. ದೊಡ್ಡ ಕಂಪೆನಿಗಳು ಇಂದು ಕೋಟಿಗಟ್ಟಲೆ ಸುರಿದು ಕೂಡಿಹಾಕುತ್ತಿರುವ "ಡಾಟಾ" ಎಂದರೆ ಬೇರೇನಲ್ಲ, ಆ ಮಾಣಿಯ ತಲೆಯಲ್ಲಿದ್ದ ತಿಳಿವಳಿಕೆಯೇ. ವ್ಯತ್ಯಾಸವೆಂದರೆ, ಅದು ಆಗ ಹೊಟೇಲಿನ ಸೊತ್ತಾಗಿತ್ತು. ಆ್ಯಪ್ ಮೂಲಕ ಬಂದಾಗ ಅದು ಆ್ಯಪ್‌ನ ಸೊತ್ತು. ಹತ್ತು ವರ್ಷ ನಮ್ಮ ದೋಸೆ ತಿಂದವನು ಎದುರು ಸಿಕ್ಕರೂ ಅವನ ಗುರುತು ನಮಗಿರುವುದಿಲ್ಲ.

ಈ ಬಗ್ಗೆ ಹೊಟೇಲು ಉದ್ಯಮ ಸುಮ್ಮನೆ ಕೂತಿಲ್ಲ. 2019ರಲ್ಲಿ ದೇಶದ ಅನೇಕ ಹೊಟೇಲುಗಳು ರಿಯಾಯಿತಿ ಯೋಜನೆಗಳಿಂದ ಹೊರಬಂದು ಪ್ರತಿಭಟಿಸಿದವು. ರಾಷ್ಟ್ರೀಯ ರೆಸ್ಟೊರೆಂಟ್ ಸಂಘದ ದೂರಿನ ಮೇರೆಗೆ ಭಾರತೀಯ ಸ್ಪರ್ಧಾ ಆಯೋಗವು 2022ರ ಏಪ್ರಿಲ್‌ನಲ್ಲಿ ಎರಡೂ ಕಂಪೆನಿಗಳ ಮೇಲೆ ತನಿಖೆಗೆ ಆದೇಶಿಸಿತು. ಕೇಂದ್ರ ಸರಕಾರ ಓಎನ್‌ಡಿಸಿ ಎಂಬ ಮುಕ್ತ ಜಾಲವನ್ನು 2022ರಲ್ಲಿ ಬೆಂಗಳೂರು ಸೇರಿದಂತೆ ಐದು ನಗರಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ಯಾರೋ ಬಂದು ನಮ್ಮ ಗಿರಾಕಿಯನ್ನು ನಮಗೆ ಮರಳಿಸುವರೆಂದು ಕಾಯುವುದು ವ್ಯಾಪಾರಿಯ ಲಕ್ಷಣವಲ್ಲ.

ಪಾರ್ಸೆಲ್ ಚೀಲದ ಮೇಲೆ ಹೊಟೇಲಿನ ಫೋನ್ ನಂಬರು ದೊಡ್ಡದಾಗಿರಲಿ. ಸುತ್ತಲಿನ ನಾಲ್ಕೈದು ಸೊಸೈಟಿಗಳಿಗೆ ನಮ್ಮದೇ ಹುಡುಗ ಸೈಕಲಿನಲ್ಲಿ ಮುಟ್ಟಿಸಲಿ. ವಾಟ್ಸಾಪಿನಲ್ಲಿ ದಿನದ ವಿಶೇಷ ತಿಳಿಸಬಹುದು. ಆದರೆ ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಬಿಲ್ಲು ಮಾಡಲು ಮೊಬೈಲ್ ನಂಬರು ಕೊಡಲೇಬೇಕೆಂದು ಗಿರಾಕಿಯನ್ನು ಒತ್ತಾಯಿಸಬಾರದೆಂದು ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಸೂಚಿಸಿದೆ. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಅದೇ ವರ್ಷ ಬಂದಿದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತಿವೆ. ಗಿರಾಕಿಯ ನಂಬರು ನಂಬಿ ಕೊಟ್ಟ ಇಡುಗಂಟಿನಂತೆ, ಹಂಚುವ ಸೊತ್ತಲ್ಲ.

ಮೇಲಿನ ಉದಾಹರಣೆಯಲ್ಲಿ, ನಮ್ಮದೇ ಹುಡುಗನ ಖರ್ಚು ಆರ್ಡರಿಗೆ 30 ರೂ. ಹಿಡಿದರೂ 150 ರೂ. ಉಳಿಯುತ್ತದೆ. ದಿನಕ್ಕೆ ಹತ್ತೇ ಆರ್ಡರುಗಳು ಆ್ಯಪ್‌ನಿಂದ ನಮ್ಮ ಫೋನಿಗೆ ಬದಲಾದರೆ ತಿಂಗಳಿಗೆ 26,000 ರೂ. ಹೆಚ್ಚು ಕೈಗೆ ಬರುತ್ತದೆ. ಒಬ್ಬ ಕೆಲಸಗಾರನ ಸಂಬಳ ಹುಟ್ಟಿದಂತಾಯಿತಲ್ಲವೇ!

ಹಿಟ್ಟಿನ ಪೊಟ್ಟಣ ಮತ್ತು ಹತ್ತು ನಿಮಿಷದ ಚಹಾ

ಸ್ಪರ್ಧೆ ಈಗ ಪಕ್ಕದ ಹೊಟೇಲಿನಿಂದ ಬರುತ್ತಿಲ್ಲ. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಡಿ ಫ್ರೆಶ್ ಕಂಪೆನಿ ಇಡ್ಲಿ-ದೋಸೆಯ ಹಿಟ್ಟನ್ನು ಪೊಟ್ಟಣದಲ್ಲಿ ಮಾರಿ ದೊಡ್ಡದಾಯಿತು. ಅದಕ್ಕೂ ಬಹಳ ಹಿಂದೆ, 1924ರಿಂದ ಹೆಸರು ಮಾಡಿದ್ದ ಎಂಟಿಆರ್, ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ಹೊಟೇಲು ತಿಂಡಿಗಳ ದರ ಇಳಿಸಿದಾಗ ನಷ್ಟ ತಾಳಲಾರದೆ ಹೊಟೇಲು ಮುಚ್ಚಿ, ಸಿದ್ಧ ಪುಡಿಗಳ ವ್ಯಾಪಾರಕ್ಕೆ ತಿರುಗಿತು. ಹೊಟೇಲು ಬಳಿಕ ಮತ್ತೆ ತೆರೆಯಿತು. ಪುಡಿಗಳ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪೆನಿ ಅದನ್ನು ಕೊಂಡುಕೊಂಡಿತು. ಹೊಟೇಲಿನ ಹೆಸರು ಮನೆಯ ಅಡುಗೆಕೋಣೆಗೂ ಹೋಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

2024ರಲ್ಲಿ ಇನ್ನೊಂದು ಅಲೆ ಎದ್ದಿತು. ಕಿರಾಣಿ ಸಾಮಾನನ್ನು ನಿಮಿಷಗಳಲ್ಲಿ ಮುಟ್ಟಿಸುವ ಕಂಪೆನಿಗಳು ಚಹಾ, ಸಮೋಸ, ಪೋಹೆಗೂ ಕೈಹಾಕಿದವು. ಸ್ವಿಗ್ಗಿ ಆ ವರ್ಷ ಅಕ್ಟೋಬರಿನಲ್ಲಿ ಬೋಲ್ಟ್ ಎಂಬ ಹತ್ತು ನಿಮಿಷದ ಸೇವೆ ತಂದಿತು. ಡಿಸೆಂಬರಿನಲ್ಲಿ ಬ್ಲಿಂಕಿಟ್ ಬಿಸ್ಟ್ರೊ ಬಂದಿತು. ಇವರೊಡನೆ ವೇಗದಲ್ಲಿ ಸ್ಪರ್ಧಿಸುವುದು ನಮ್ಮಿಂದಾಗದು, ಅದರ ಅಗತ್ಯವೂ ಇಲ್ಲ. ಕಾವಲಿಯಿಂದ ನೇರ ತಟ್ಟೆಗೆ ಬೀಳುವ ಗರಿಗರಿ ದೋಸೆಯನ್ನು ಯಾವ ಡಬ್ಬಿಯೂ ಒಯ್ಯಲಾರದು. ಆದರೆ ಚಟ್ನಿಪುಡಿ, ಸಾಂಬಾರು ಪುಡಿ, ರುಬ್ಬಿದ ಹಿಟ್ಟು, ಹುರಿದು ಪುಡಿಮಾಡಿದ ಕಾಫಿ ಇವನ್ನು ಗಲ್ಲೆಯ ಪಕ್ಕದ ಒಂದು ಕಪಾಟಿನಲ್ಲಿಟ್ಟು ಮಾರಬಹುದಲ್ಲ! ಪೊಟ್ಟಣದಲ್ಲಿ ಮಾರುವಾಗ ತಯಾರಿಸಿದ ದಿನಾಂಕ, ತೂಕ, ಆಹಾರ ಲೈಸೆನ್ಸ್ ನಂಬರು ಮುಂತಾದ ನಿಯಮಗಳನ್ನು ತಪ್ಪದೆ ಪಾಲಿಸಬೇಕೆಂಬುದನ್ನು ಮರೆಯಬಾರದು.

ಸಂಸ್ಕೃತಿಯೇ ನಮ್ಮ ಬಂಡವಾಳ

ಮುಂಬಯಿಯ ಉಡುಪಿ ಹೊಟೇಲಿನ ಮೆನು ಓದಿದರೆ ನಗು ಬರುವುದೂ ಉಂಟು. ಇಲ್ಲಿನ ಮೈಸೂರು ಮಸಾಲೆಯನ್ನು ಮೈಸೂರಿನವರು ಗುರುತಿಸಲಾರರು. ಪಾವ್‌ಭಾಜಿ, ಪನೀರು, ಚೈನೀಸು ಎಲ್ಲವೂ ಒಂದೇ ಪುಟದಲ್ಲಿ! ಆದರೆ ಇದು ಅವಮಾನದ ವಿಷಯವಲ್ಲ. ಬಂದ ಊರಿನ ಜನರ ನಾಲಗೆಯನ್ನು ಅರಿತು ಬಡಿಸಿದ್ದರಿಂದಲೇ ನಾವು ಇಲ್ಲಿ ಬೇರುಬಿಟ್ಟೆವು. ಶ್ರಾವಣದಲ್ಲಿ ಸಾಬುದಾಣೆ ಖಿಚಡಿ, ಜೈನರಿಗೆ ಈರುಳ್ಳಿ-ಬೆಳ್ಳುಳ್ಳಿಯಿಲ್ಲದ ಅಡುಗೆ, ಗಣೇಶೋತ್ಸವದಲ್ಲಿ ಮೋದಕ ಇವೆಲ್ಲ ನಮ್ಮವರು ತಾವಾಗಿ ಕಲಿತ ಪಾಠಗಳು.

ಈಗ ಗಾಳಿ ಇನ್ನೊಂದು ದಿಕ್ಕಿಗೂ ಬೀಸುತ್ತಿದೆ. ಎಲ್ಲ ಕಡೆ ಎಲ್ಲವೂ ಸಿಗುವಾಗ, ಹೊಸ ತಲೆಮಾರು "ನಿಮ್ಮ ಊರಿನದು ಏನಿದೆ?" ಎಂದು ಕೇಳುತ್ತದೆ. ಬಾಂದ್ರಾದಲ್ಲಿ 2024ರಲ್ಲಿ ತೆರೆದ "ಬೆನ್ನೆ" ಎಂಬ ಪುಟ್ಟ ಅಂಗಡಿಯ ಮುಂದೆ ಬೆಂಗಳೂರು ಬೆಣ್ಣೆ ದೋಸೆಗಾಗಿ ಜನ ಸಾಲುಗಟ್ಟಿದ್ದು ಸುದ್ದಿಯಾಯಿತು. 2022ರಲ್ಲಿ "ಕಾಂತಾರ" ಚಿತ್ರ ಹಿಂದಿಯಲ್ಲೂ ಬಂದ ಮೇಲೆ ಕರಾವಳಿಯ ಹೆಸರನ್ನು ಕೇಳಿರದವರೂ ಅದರ ಬಗ್ಗೆ ಕುತೂಹಲ ತಾಳಿದರು. ನೀರ್‌ದೋಸೆ, ಮಂಗಳೂರು ಬನ್ಸು, ಗೋಳಿಬಜೆ, ಪತ್ರೊಡೆ, ಕಡುಬು, ಮಾಂಸಾಹಾರಿ ಹೊಟೇಲುಗಳಲ್ಲಿ ಕೋರಿ ರೊಟ್ಟಿ, ಘೀ ರೋಸ್ಟ್ ಇವು ನಮ್ಮ ಮನೆಗಳಲ್ಲೇ ಇವೆ. ಮೆನುವಿನಲ್ಲಿ ಮಾತ್ರ ಇಲ್ಲ. ವಾರಕ್ಕೊಂದು ದಿನ ಒಂದು ಊರ ತಿಂಡಿ ಇಟ್ಟು ನೋಡಿ. ಅದರ ಚಿತ್ರ ಗಿರಾಕಿಯ ಮೊಬೈಲಿನಿಂದ ತಾನಾಗಿಯೇ ಊರೆಲ್ಲ ಸುತ್ತುತ್ತದೆ. ತಂತ್ರಜ್ಞಾನ ಇಲ್ಲಿ ಪುಕ್ಕಟೆ ಜಾಹೀರಾತು.

ನೆಲದ ಭಾಷೆಗೆ ಗೌರವ ಕೊಡುವುದೂ ಇದರದೇ ಭಾಗ. ಮಹಾರಾಷ್ಟ್ರ ಸರಕಾರ 2022ರಲ್ಲಿ ಕಾನೂನು ತಿದ್ದಿ, ಎಷ್ಟೇ ಸಣ್ಣ ಅಂಗಡಿಯಾದರೂ ದೇವನಾಗರಿಯಲ್ಲಿ ಮರಾಠಿ ಬೋರ್ಡು ಕಡ್ಡಾಯವೆಂದಿತು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎರಡು ತಿಂಗಳೊಳಗೆ ಪಾಲಿಸಲು ಹೇಳಿತು. ನಮ್ಮ ಸದಸ್ಯರಲ್ಲಿ ಬಹುಪಾಲು ಮಂದಿ ಗಿರಾಕಿಯೊಡನೆ ಮರಾಠಿಯಲ್ಲೇ ಮಾತಾಡುವವರು. ಬೋರ್ಡು ಮರಾಠಿಯಲ್ಲಿರಲಿ, ಒಳಗಿನ ರುಚಿ ಊರಿನದಿರಲಿ.

ಕೋವಿಡ್ ಕಾಲದಲ್ಲಿ ಬಂದ ಕ್ಯೂಆರ್ ಮೆನುವಿನ ಬಗ್ಗೆಯೂ ಒಂದು ಮಾತು. ಯುವಕರಿಗೆ ಅದು ಸುಲಭ. ಆದರೆ ಬೆಳಗಿನ ನಡಿಗೆ ಮುಗಿಸಿ ಬರುವ ಹಿರಿಯರಿಗೆ ಕನ್ನಡಕ ಹುಡುಕಿ, ಮೊಬೈಲು ತೆಗೆದು, ಇಂಟರ್ನೆಟ್ ಸಿಗದೆ ಪರದಾಡುವುದೆಂದರೆ ಕಿರಿಕಿರಿ. ಕಾಗದದ ಮೆನು ಬಿಡಬೇಡಿ. "ಏನು ಬೇಕು ಕಾಕಾ?" ಎಂದು ಕೇಳುವ ವೇಟರನನ್ನಂತೂ ಬಿಡಲೇಬೇಡಿ.

ಕೈರುಚಿಯನ್ನು ಬರೆದಿಡಿ

ಹಿಂದೆ ಉಡುಪಿ, ಕಾರ್ಕಳ, ಕುಂದಾಪುರದ ಹಳ್ಳಿಗಳಿಂದ ಹುಡುಗರು ಬರುತ್ತಿದ್ದರು. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ತಾವೇ ಮಾಲಕರಾದವರು ಎಷ್ಟೋ ಮಂದಿ. ಈಗ ಊರಿನಲ್ಲೇ ಓದು, ಉದ್ಯೋಗ ಸಿಗುವುದರಿಂದ ಅವರು ಬರುವುದಿಲ್ಲ. ಅದು ಸಂತೋಷದ ವಿಷಯವೇ. ಇಂದು ನಮ್ಮ ಅಡುಗೆಮನೆಗಳಲ್ಲಿ ಒಡಿಶಾ, ಬಂಗಾಳ, ಉತ್ತರ ಪ್ರದೇಶ, ನೇಪಾಳದ ಹುಡುಗರಿದ್ದಾರೆ. ಅವರು ಚುರುಕಾಗಿ ಕಲಿಯುತ್ತಾರೆ, ಆದರೆ ಆರು ತಿಂಗಳಲ್ಲಿ ಬೇರೆಡೆಗೆ ಹೋಗುತ್ತಾರೆ. "ಒಂದು ಹಿಡಿ ಮೆಣಸು, ಅಂದಾಜಿಗೆ ಉಪ್ಪು" ಎಂಬ ಭಟ್ಟರ ಲೆಕ್ಕ ಇನ್ನು ನಡೆಯದು. ಭಟ್ಟರು ಊರಿಗೆ ಹೋದ ದಿನ ಸಾಂಬಾರಿನ ರುಚಿ ಬದಲಾದರೆ, ಗಿರಾಕಿ ಅದನ್ನು ಮೊಬೈಲಿನಲ್ಲಿ ಒಂದು ನಕ್ಷತ್ರ ಕೊಟ್ಟು ಜಗತ್ತಿಗೇ ಸಾರುತ್ತಾನೆ.

ಆದ್ದರಿಂದ ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ ತಂತ್ರಜ್ಞಾನ ಒಂದು ತೂಕದ ಯಂತ್ರ. ಪ್ರತಿ ಪದಾರ್ಥದ ಅಳತೆಯನ್ನು ಗ್ರಾಮಿನಲ್ಲಿ ಬರೆದು, ಹಿಂದಿಯಲ್ಲೂ ಬರೆಸಿ, ಅಡುಗೆಮನೆಯ ಗೋಡೆಗೆ ಹಾಕಿ. ಭಟ್ಟರು ರುಬ್ಬುವುದನ್ನು, ಹದ ನೋಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಇಟ್ಟುಕೊಳ್ಳಿ. ಇದು ಅವರ ಮೇಲಿನ ಅಪನಂಬಿಕೆಯಲ್ಲ, ಅವರ ವಿದ್ಯೆಗೆ ಸಲ್ಲಿಸುವ ಗೌರವ. ಹಾಗೆಂದು ಅವರಿಗೆ ತಿಳಿಹೇಳಿಯೇ, ಅವರ ಸಮ್ಮತಿಯಿಂದಲೇ ಮಾಡಿ.

ಮುಂದಿನ ತಲೆಮಾರು

ನಮ್ಮ ಮಕ್ಕಳು ಓದಿದ್ದಾರೆ. ಕೆಲವರು ಕಂಪ್ಯೂಟರ್ ಕಂಪೆನಿಗಳಲ್ಲಿದ್ದಾರೆ, ಕೆಲವರು ಹೊರದೇಶದಲ್ಲಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೆರಡಕ್ಕೆ ಷಟರು ಎಳೆಯುವ ಬದುಕು ಬೇಡವೆಂದು ಅವರು ಹೇಳಿದರೆ ತಪ್ಪೇನಿಲ್ಲ. ಆಗ ಹೊಟೇಲು ಕಂಡಕ್ಟಿಗೆ ಹೋಗುತ್ತದೆ, ಅಥವಾ ಮೊಬೈಲು ಅಂಗಡಿಗೋ ಬ್ಯಾಂಕಿಗೋ ಬಾಡಿಗೆಗೆ ಹೋಗುತ್ತದೆ. ಒಂದು ಹೊಟೇಲು ಮುಚ್ಚಿದಾಗ ಹತ್ತಿಪ್ಪತ್ತು ಕುಟುಂಬಗಳ ಅನ್ನದ ಜೊತೆಗೆ ನಾಲ್ಕು ದಶಕಗಳ ಹೆಸರೂ ಅಳಿಯುತ್ತದೆ. ಆದರೆ ಅದೇ ತಂತ್ರಜ್ಞಾನ ಆ ಬದುಕನ್ನು ಹಗುರಗೊಳಿಸಲೂ ಬಲ್ಲದು. ದಾಸ್ತಾನು, ಬಿಲ್ಲು, ಖರೀದಿ, ಸಂಬಳ ಎಲ್ಲವೂ ಕ್ರಮಬದ್ಧವಾಗಿದ್ದರೆ ಮಾಲಕ ಹದಿನೆಂಟು ಗಂಟೆ ಗಲ್ಲೆಗೆ ಅಂಟಿಕೊಂಡಿರಬೇಕಾಗಿಲ್ಲ. ಲೆಕ್ಕ ಸ್ಪಷ್ಟವಿರುವ ಹೊಟೇಲನ್ನು ನಡೆಸಲು ಓದಿದ ಮಗನೋ ಮಗಳೋ ಮುಂದೆ ಬಂದಾರು. ಚೀಟಿಯಲ್ಲಿ, ತಲೆಯಲ್ಲಿ ಲೆಕ್ಕವಿರುವ ಹೊಟೇಲನ್ನು ಯಾರೂ ಮುಟ್ಟಲಾರರು.

ಅವಕಾಶಗಳಿಗಂತೂ ಬರವಿಲ್ಲ. 2024ರ ಜನವರಿಯಲ್ಲಿ ಅಟಲ್ ಸೇತು ತೆರೆಯಿತು. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿಮುಂಬಯಿ ವಿಮಾನ ನಿಲ್ದಾಣದಿಂದ ಡಿಸೆಂಬರ್ 25ರಂದು ವಿಮಾನಗಳ ಹಾರಾಟ ಶುರುವಾಯಿತು. ಮಾರುಕಟ್ಟೆ, ರೈಲು, ಮಾಲ್‌ಗಳು ಬಂದಾಗ ಆದಂತೆಯೇ ಹೊಸ ಜನ ಬರುವವರಿದ್ದಾರೆ. ಅವರು ಹಸಿದೇ ಬರುತ್ತಾರೆ. ಅವರ ಮೊಬೈಲಿನಲ್ಲಿ ನಮ್ಮ ಹೆಸರು ಇರಬೇಕು, ಅವರ ನಾಲಗೆಯಲ್ಲಿ ನಮ್ಮ ರುಚಿ ಉಳಿಯಬೇಕು.

ಸದಸ್ಯರಲ್ಲಿ ನಮ್ಮ ವಿನಂತಿ

ಈ ತಿಂಗಳೊಳಗೆ ಪ್ರತಿಯೊಬ್ಬರೂ ಐದು ಕೆಲಸ ಮಾಡಿ. ಒಂದು, ಕಳೆದ ತಿಂಗಳ ಆ್ಯಪ್ ಆರ್ಡರುಗಳ ಲೆಕ್ಕ ತೆಗೆದು, ಒಂದು ಆರ್ಡರಿಗೆ ನಿಜವಾಗಿ ಎಷ್ಟು ಉಳಿಯಿತೆಂದು ಬರೆಯಿರಿ. ಎರಡು, ಹೊಟೇಲಿನ ಬ್ಯಾಂಕ್ ಖಾತೆಯನ್ನು ಮನೆಯ ಖಾತೆಯಿಂದ ಬೇರ್ಪಡಿಸಿ. ಮೂರು, ಪಾರ್ಸೆಲ್ ಚೀಲದ ಮೇಲೆ ಫೋನ್ ನಂಬರು ಅಚ್ಚು ಹಾಕಿಸಿ. ನಾಲ್ಕು, ನಿಮ್ಮ ಹತ್ತು ಮುಖ್ಯ ತಿಂಡಿಗಳ ಅಳತೆಯನ್ನು ಗ್ರಾಮಿನಲ್ಲಿ ಬರೆಸಿ. ಐದು, ಮೆನುವಿಗೆ ಒಂದಾದರೂ ಊರ ತಿಂಡಿ ಸೇರಿಸಿ.

ಲೆಕ್ಕ ತೆಗೆದವರು ತಮ್ಮ ಅನುಭವವನ್ನು ಸಂಘದ ಮುಂದಿನ ಸಭೆಯಲ್ಲಿ ಹಂಚಿಕೊಳ್ಳಬೇಕೆಂದು ಕೋರುತ್ತೇವೆ. ಒಬ್ಬೊಬ್ಬರೇ ಹೋಗಿ ಆ್ಯಪ್ ಕಂಪೆನಿಯೊಡನೆ ಮಾತಾಡಿದರೆ ಅವರು ಕೇಳುವುದಿಲ್ಲ. ಐವತ್ತು ಹೊಟೇಲುಗಳ ಲೆಕ್ಕವನ್ನು ಒಟ್ಟಿಗೆ ಮುಂದಿಟ್ಟರೆ ಕೇಳಲೇಬೇಕಾಗುತ್ತದೆ. ಡಬ್ಬಿ, ಚೀಲ, ಎಣ್ಣೆ, ಉದ್ದು ಇವನ್ನು ಹತ್ತು ಮಂದಿ ಸೇರಿ ಮಾರುಕಟ್ಟೆಯಿಂದ ಒಟ್ಟಿಗೆ ಖರೀದಿಸಿದರೂ ಉಳಿತಾಯವಿದೆ. ಏಷ್ಯಾದ ದೊಡ್ಡ ಸಗಟು ಮಾರುಕಟ್ಟೆಗಳಲ್ಲೊಂದು ನಮ್ಮ ಹಿತ್ತಿಲಲ್ಲೇ ಇರುವಾಗ ಚಿಲ್ಲರೆ ದರ ಕೊಡುವುದೇಕೆ?

ಹನಿಗೂಡಿದರೆ ಹಳ್ಳ ಎಂಬ ಮಾತು ನಮ್ಮ ಹಿರಿಯರದು. ನಾವೂ ಕೂಡಿ ನಡೆಯೋಣ.